ವಾಡಿಕೆಗಿಂತ ಜಾಸ್ತಿ ಮಳೆಯಂತೆ, ನಮ್ಮ ರಾಗಿ ಮಾತ್ರ ಒಣಗಿ ನಿಂತಿದೆ. ಲೆಕ್ಕ ತಪ್ಪಿದ್ದೆಲ್ಲಿ?

ಕೆಂಪುಮಣ್ಣು
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆದೀತು.

ಅರಸೀಕೆರೆ ಕಡೆ ನಮ್ಮೂರು. ಎರಡು ಎಕರೆ ರಾಗಿ, ಬೇಲಿ ಉದ್ದಕ್ಕೂ ತೆಂಗು. ನಾಲ್ಕು ವರ್ಷದಿಂದ ತಾರಸಿ ಮೇಲೆ ಮಳೆಮಾಪಕ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ನೋಡಿ ಅಡುಗೆಮನೆ ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತೇನೆ, ಹಾಲಿನ ಲೆಕ್ಕದ ಪಕ್ಕದಲ್ಲೇ. ಈ ಆಗಸ್ಟಿನ ಪುಟ ಹೀಗಿದೆ. ಒಂದರಿಂದ 19ರವರೆಗೆ ಎಲ್ಲ ಸೇರಿ 7 ಮಿ.ಮೀ. 20ರ ರಾತ್ರಿ ಒಂದೇ ಹೊಡೆತಕ್ಕೆ 84. 23ಕ್ಕೆ 11. ಆಮೇಲೆ ಬರೀ ಸೊನ್ನೆ. ಒಟ್ಟು 102.

ನಿನ್ನೆ ಸುದ್ದಿಯಲ್ಲಿ ನಮ್ಮ ಕಡೆ ವಾಡಿಕೆಗಿಂತ ಹೆಚ್ಚು ಮಳೆ ಅಂದರು. ಕಾಗದದ ಮೇಲೆ ಸರಿ ಇರಬಹುದು. ಆದರೆ ರಾಗಿ ಆ ಹತ್ತೊಂಬತ್ತು ದಿನದಲ್ಲೇ ಎಲೆ ಸುರುಳಿ ಸುತ್ತಿಕೊಂಡಿತ್ತು. 84 ಬಿದ್ದ ರಾತ್ರಿ ನೀರು ಕೆಂಪಗೆ ಹರಿದು ಹಳ್ಳ ಸೇರಿತು. ಬೆಳಿಗ್ಗೆ ಗುದ್ದಲಿ ಹಾಕಿ ನೋಡಿದರೆ ಗೇಣುದ್ದ ಕೆಳಗೆ ಮಣ್ಣು ಒಣಗೇ ಇದೆ.

ಇನ್ನೊಂದು ವಿಚಿತ್ರ. ಅದೇ ರಾತ್ರಿ ನಮ್ಮ ಭಾವನ ಊರಿನಲ್ಲಿ ಅಂಗಳ ಕೂಡ ನೆನೆದಿಲ್ಲ. ದೂರ ಮೂರು ಕಿಲೋಮೀಟರ್ ಅಷ್ಟೇ. ಬೆಳಿಗ್ಗೆ ಬೈಕಿನಲ್ಲಿ ಹೋಗಿ ನೋಡಿದೆ. ಹುಣಸೆ ಮರದವರೆಗೆ ರಸ್ತೆ ಒದ್ದೆ, ಮರದಾಚೆ ಧೂಳು. ಗೆರೆ ಎಳೆದ ಹಾಗೆ.

ಈ ವಾಡಿಕೆ ಅನ್ನೋ ಲೆಕ್ಕದಿಂದ ರೈತನಿಗೆ ಏನು ಉಪಯೋಗ? ಗೊತ್ತಿದ್ದವರು ಹೇಳಿ.

ತಾರಸಿಮಲ್ಲ
84? ಮಾಪಕ ಯಾವುದು, ಕತ್ತರಿಸಿದ ನೀರಿನ ಬಾಟಲಿಯಾ?

ಕೆಂಪುಮಣ್ಣು
ಅಲ್ಲ ಸ್ವಾಮಿ. ಅಂಚು ನೇರ ಇರೋ ಡಬ್ಬಿ, ಮೇಲೆ ಅಷ್ಟೇ ಅಗಲದ ಲಾಳಿಕೆ. ಮೊದಲ ವರ್ಷ ಬಾಟಲಿಯದ್ದೇ ಇಟ್ಟಿದ್ದೆ. ತಳ ಉಬ್ಬುತಗ್ಗು ಇರುತ್ತದೆ, ಸಣ್ಣ ಮಳೆ ಎಲ್ಲ ತಪ್ಪು ತೋರಿಸುತ್ತಿತ್ತು.

ಐಸೋಬಾರ್
ಒಂದು ಸಣ್ಣ ತಿದ್ದುಪಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನ ಅಂದರೆ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30. 20ರ ರಾತ್ರಿ ಬಿದ್ದದ್ದನ್ನು 21ರ ಬೆಳಿಗ್ಗೆ ಅಳೆದು 21ಕ್ಕೇ ಬರೆಯುತ್ತಾರೆ. ಅವರ ಅಂಕಿಗೂ ನಿಮ್ಮದಕ್ಕೂ ಒಂದು ದಿನ ಆಚೀಚೆ ಕಂಡರೆ ಗಾಬರಿ ಬೇಡ.

ಈಗ ವಾಡಿಕೆ. ಅದು ಹಳೇ ವರ್ಷಗಳ ಸರಾಸರಿ, ಅಷ್ಟೇ. ದೇಶಕ್ಕೆ ಸದ್ಯ 1971ರಿಂದ 2020ರವರೆಗಿನ ಸರಾಸರಿ ಹಿಡಿಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 87 ಸೆಂ.ಮೀ. ಅದರ ಶೇ 96ರಿಂದ 104ರೊಳಗೆ ಬಂದರೆ 'ಸಾಮಾನ್ಯ' ಮುಂಗಾರು. ಈ ಲೆಕ್ಕದಲ್ಲಿ ಮಳೆ ಎಷ್ಟು ದಿನ ಬಂತು, ನಡುವೆ ಎಷ್ಟು ದಿನ ಕೈಕೊಟ್ಟಿತು ಅನ್ನೋದು ಕಾಣುವುದೇ ಇಲ್ಲ.

2023 ನೆನಪಿದೆಯಲ್ವಾ? ಆ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಆದರೂ ನಾಲ್ಕು ತಿಂಗಳ ಒಟ್ಟು ಲೆಕ್ಕ ಶೇ 94ಕ್ಕೆ ಬಂದು ನಿಂತಿತು. ಆರೇ ಪರ್ಸೆಂಟ್ ಕಡಿಮೆ, ಕೇಳಲು ಏನೂ ಅಲ್ಲ. ಅದೇ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು.

ಘಟ್ಟದಕಂಬಳಿ
84ಕ್ಕೆ ಇಷ್ಟು ಗಲಾಟೆಯಾ? ನಮ್ಮಲ್ಲಿ ಜುಲೈನಲ್ಲಿ 84 ಬಂದ ದಿನ 'ಇವತ್ತು ಸ್ವಲ್ಪ ಹೊಳವಾಗಿದೆ' ಅಂತೇವೆ 😄

ತಮಾಷೆ ಇರಲಿ. ತೀರ್ಥಹಳ್ಳಿ ಕಡೆ ಅಡಿಕೆ ತೋಟ ನಮ್ಮದು. ನಮ್ಮ ಗೋಳು ನಿಮ್ಮದರ ಉಲ್ಟಾ. ನೀವು ಮಳೆ ಕಾಯುತ್ತೀರಿ, ನಾವು ಬಿಡುವು ಕಾಯುತ್ತೇವೆ. ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಬೇಕು. ಮೈಲುತುತ್ತ, ಸುಣ್ಣ ಎಲ್ಲ ತಂದಿಟ್ಟಿರುತ್ತೇವೆ, ಕೊನೆಗಾರನಿಗೆ ಹೇಳಿರುತ್ತೇವೆ. ಅರ್ಧ ದಿನ ಮಳೆ ನಿಂತರೆ ಸಾಕು, ಔಷಧಿ ಗೊನೆಗೆ ಅಂಟುತ್ತದೆ. ಆ ಅರ್ಧ ದಿನ ಸಿಗದೆ ಹದಿನೈದು ದಿನ ಜಡಿದರೆ ಎಳೆಕಾಯಿ ಬುಡದಲ್ಲಿ ರಾಶಿ ಬೀಳುತ್ತದೆ. ವರ್ಷದ ಒಟ್ಟು ಮಳೆ ನಮಗೂ ವಾಡಿಕೆಯಷ್ಟೇ ಬಂದಿರುತ್ತದೆ ನೋಡಿ.

ಬೆಳವಲದಗಾಳಿ
ಮಲೆನಾಡಿನವರ ಬಡಾಯಿ ಶುರುವಾಯಿತು.

ಘಟ್ಟದಕಂಬಳಿ
ಬಡಾಯಿ ಅಲ್ಲ ಮಾರಾಯ್ರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ. ಚಳ್ಳಕೆರೆಗೆ 500 ಬಂದರೆ ಪುಣ್ಯ. ಒಂದೇ ರಾಜ್ಯ, ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಯೊಳಗೆ ಅಲ್ಲಿ. ಕಡಲಿನ ತೇವದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ನಮ್ಮ ತಲೆ ಮೇಲೆ ಸುರಿಯುತ್ತದೆ. ಆಚೆ ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ. ಕೆಂಪುಮಣ್ಣು ಇರೋದು ಸರಿಯಾಗಿ ಆ ಒಣ ಪಟ್ಟಿಯಲ್ಲಿ.

ಪಂಚಾಂಗಪ್ರಿಯ
ಯಾರೂ ಮುಖ್ಯ ವಿಷಯ ಹೇಳಲೇ ಇಲ್ಲ. 20ರ ರಾತ್ರಿ ಅಂದರೆ ಮಘೆ ಮಳೆ ನಕ್ಷತ್ರ ಹುಟ್ಟಿ ಮೂರು ದಿನ. 'ಬಂದರೆ ಮಘೆ, ಇಲ್ಲದಿದ್ದರೆ ಹೊಗೆ' ಅಂತ ಹಿರಿಯರು ಸುಮ್ನೆ ಹೇಳಿದರಾ?

ಅಜ್ಜಿಮೊಮ್ಮಗಳು
ಹೊಗೆ ಅಲ್ಲ, ಧಗೆ. 'ಬಂದರೆ ಮಘೆ, ಇಲ್ಲದಿದ್ದರೆ ಧಗೆ.'

ಪಂಚಾಂಗಪ್ರಿಯ
ನಮ್ಮ ಕಡೆ ಹೊಗೆ.

ಬೆಳವಲದಗಾಳಿ
ಹೊಗೆಯೋ ಧಗೆಯೋ, ಎರಡರಲ್ಲೂ ಬೆಳೆ ಹೋಯಿತಲ್ಲ, ಅಷ್ಟೇ.

ಐಸೋಬಾರ್
ಮಳೆ ನಕ್ಷತ್ರದ ಬಗ್ಗೆ ನನಗೆ ಗೌರವ ಇದೆ. ಆರಿದ್ರಾ ಜೂನ್ 22ರ ಸುಮಾರಿಗೆ, ಪುನರ್ವಸು ಜುಲೈ 6ರ ಸುಮಾರಿಗೆ, ಹೀಗೆ ಮುಂಗಾರನ್ನು ಹದಿಮೂರು ಹದಿನಾಲ್ಕು ದಿನದ ತುಂಡು ಮಾಡಿ ಹೆಸರಿಟ್ಟಿದ್ದಾರೆ. ಬಿತ್ತನೆಗೆ ಇಷ್ಟು ಚಂದದ ಕ್ಯಾಲೆಂಡರ್ ಇನ್ನೊಂದಿಲ್ಲ.

ಆದರೆ ಒಂದು ತೊಡಕು. ಈ ಲೆಕ್ಕ ಸೂರ್ಯ ಯಾವ ನಕ್ಷತ್ರದ ಎದುರು ಇದ್ದಾನೆ ಅನ್ನೋದರ ಮೇಲೆ. ಋತುಗಳು ನಡೆಯುವುದು ಭೂಮಿಯ ವಾಲಿಕೆಯ ಮೇಲೆ. ಈ ಎರಡು ಲೆಕ್ಕದ ವರ್ಷಗಳ ನಡುವೆ ಸುಮಾರು 20 ನಿಮಿಷ ವ್ಯತ್ಯಾಸ. ಸಾವಿರ ವರ್ಷಕ್ಕೆ ಅದು 14 ದಿನ ಆಗುತ್ತದೆ. ಅಂದರೆ ಸಾವಿರ ವರ್ಷದ ಹಿಂದೆ ಮಘೆ ಶುರುವಾಗುತ್ತಿದ್ದದ್ದು ಋತುವಿನ ಲೆಕ್ಕದಲ್ಲಿ ಈಗಿನ ಆಶ್ಲೇಷದ ಜಾಗದಲ್ಲಿ. ಗಾದೆ ಎಷ್ಟು ಹಳೆಯದೋ ಅಷ್ಟು ಎಚ್ಚರ ಬೇಕು.

ಪಂಚಾಂಗಪ್ರಿಯ
ಗಾದೆ ಸಾವಿರ ವರ್ಷದ್ದು ಅಂತ ನಿಮಗೆ ಯಾರು ಹೇಳಿದರು? ನಮ್ಮ ಮುತ್ತಜ್ಜನ ಕಾಲದ್ದೇ ಇರಬಹುದು. ಆಗ ವ್ಯತ್ಯಾಸ ಒಂದೆರಡು ದಿನ.

ಐಸೋಬಾರ್
ಅದು ಒಪ್ಪುವ ಮಾತು. 👍

ಆರೆಂಜ್ ಅಲರ್ಟ್
ಎಲ್ಲದಕ್ಕೂ ಕಾರಣ ಎಲ್ ನಿನೊ, ಅದೇ ಪೆಸಿಫಿಕ್ ಸಾಗರ ಬಿಸಿಯೇರೋದು. ಇದರಲ್ಲಿ ಚರ್ಚೆ ಏನು?

ಐಸೋಬಾರ್
ಅಷ್ಟು ಸುಲಭ ಇದ್ದಿದ್ದರೆ ಹವಾಮಾನ ಇಲಾಖೆಯವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. 1997ರಲ್ಲಿ ಎಲ್ ನಿನೊ ಭಾರೀ ಜೋರಾಗಿತ್ತು, ಆದರೂ ದೇಶದ ಮಳೆ ಶೇ 102. 2002ರಲ್ಲಿ ಅದಕ್ಕಿಂತ ಸಣ್ಣ ಎಲ್ ನಿನೊ, ಜುಲೈ ಮಳೆ ಅರ್ಧಕ್ಕರ್ಧ ಕೈಕೊಟ್ಟಿತು. ಹಿಂದೂ ಮಹಾಸಾಗರಕ್ಕೂ ಅದರದ್ದೇ ಒಂದು ತೂಗುಯ್ಯಾಲೆ ಇದೆ. ಪಶ್ಚಿಮದ ತುದಿ ಬಿಸಿಯಾಗಿ ಪೂರ್ವದ ತುದಿ ತಣ್ಣಗಾದರೆ ಸಾಮಾನ್ಯವಾಗಿ ನಮಗೆ ಒಳ್ಳೆಯದು. 2019ರಲ್ಲಿ ಜೂನ್ ಮೂರನೇ ಒಂದು ಭಾಗದಷ್ಟು ಕೊರತೆ, ಸೀಸನ್ ಮುಗಿಯುವಾಗ ಶೇ 110. ಆ ಸಲ ಈ ಉಯ್ಯಾಲೆ ನಮ್ಮ ಕಡೆ ಚೆನ್ನಾಗಿ ವಾಲಿತ್ತು.

ಇದೆಲ್ಲ ಇಡೀ ವರ್ಷದ ಕಥೆ. ಕೆಂಪುಮಣ್ಣು ಅವರ 19 ದಿನದ ಕಥೆ ಬೇರೆ. ಮುಂಗಾರು ಉಸಿರಾಡಿದ ಹಾಗೆ ಏರಿಳಿಯುತ್ತದೆ. ಮೋಡದ ದೊಡ್ಡ ಗುಂಪೊಂದು ಸಮಭಾಜಕದ ಉದ್ದಕ್ಕೂ ಪೂರ್ವಕ್ಕೆ ಸರಿಯುತ್ತಿರುತ್ತದೆ, 30ರಿಂದ 60 ದಿನಕ್ಕೊಂದು ಸುತ್ತು. 1971ರಲ್ಲಿ ಮ್ಯಾಡನ್, ಜೂಲಿಯನ್ ಅನ್ನೋ ಇಬ್ಬರು ಇದನ್ನು ಗುರುತಿಸಿದರು. ಅದು ನಮ್ಮ ಸಾಗರದ ಮೇಲೆ ಇದ್ದಾಗ ಮಳೆಗೆ ಬಲ, ದಾಟಿ ಹೋದರೆ ಬಿಡುವು. ಬಿಡುವಿನಲ್ಲಿ ಗಂಗಾ ಬಯಲಿನ ಮೇಲಿರಬೇಕಾದ ಕಡಿಮೆ ಒತ್ತಡದ ಪಟ್ಟಿ ಹಿಮಾಲಯದ ಬುಡಕ್ಕೆ ಹೋಗಿ ಕೂರುತ್ತದೆ. ಮಳೆ ಅಲ್ಲಿ, ನಾವು ಆಕಾಶ ನೋಡುತ್ತಾ ಇಲ್ಲಿ.

ಕೆಂಪುಮಣ್ಣು
ಸರಿ. ಹಾಗಾದರೆ 84 ಎಲ್ಲಿಂದ ಬಂತು? ಬಿಡುವಿನಲ್ಲಿ ಮಳೆ ಬರಬಾರದಲ್ವಾ?

ಮಿಂಚುಹುಳು
ಅದು ಗುಡುಗು ಮಳೆ. ಬಿಡುವಿನಲ್ಲಿ ಬಿಸಿಲು ಜಾಸ್ತಿ, ನೆಲ ಕಾಯುತ್ತದೆ, ಕೆಳಗೆ ತೇವ ಇದ್ದೇ ಇರುತ್ತದೆ. ಮಧ್ಯಾಹ್ನದ ಮೇಲೆ ಹೂಕೋಸಿನ ಹಾಗೆ ಮೋಡ ಎದ್ದು ಹನ್ನೆರಡು ಹದಿನೈದು ಕಿಲೋಮೀಟರ್ ಎತ್ತರ ಹೋಗುತ್ತದೆ. ಅಗಲ ಮಾತ್ರ ಕೆಲವೇ ಕಿಲೋಮೀಟರ್. ಒಂದು ಮೋಡದ ಆಯಸ್ಸು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಒಂದರ ಹಿಂದೆ ಒಂದು ಅದೇ ಜಾಗದಲ್ಲಿ ಎದ್ದರೆ ನಿಮ್ಮ 84. ನಿಮ್ಮ ಹುಣಸೆ ಮರ ಆ ಮೋಡದ ಅಂಚು, ಅಷ್ಟೇ. ಜಡಿಮಳೆಯ ಮೋಡ ಹಾಸಿಗೆ ಹಾಸಿದ ಹಾಗಿರುತ್ತದೆ, ಅದರಲ್ಲಿ ಇಂಥ ಗೆರೆ ಸಿಗುವುದಿಲ್ಲ.

ಆ ರಾತ್ರಿ ಗುಡುಗು ಇತ್ತಾ?

ಕೆಂಪುಮಣ್ಣು
ಇತ್ತಾ ಅಂತೀರಾ! ಪಕ್ಕದ ಮನೆ ಟಿವಿ ಸುಟ್ಟು ಹೋಯಿತು. ನಮ್ಮ ನಾಯಿ ಮಂಚದ ಕೆಳಗಿಂದ ಬೆಳಿಗ್ಗೆವರೆಗೆ ಹೊರಗೆ ಬರಲಿಲ್ಲ.

ಮಿಂಚುಹುಳು
ನೋಡಿದಿರಾ.

ಆರೆಂಜ್ ಅಲರ್ಟ್
ಅಂದರೆ ಸೈಕ್ಲೋನ್ ಎಫೆಕ್ಟ್ ಅಲ್ವಾ? ನಮ್ಮ ಗ್ರೂಪಿನಲ್ಲಿ ಸೈಕ್ಲೋನ್ ಅಂತ ಫಾರ್ವರ್ಡ್ ಬಂದಿತ್ತು.

ಕಡಲಕರೆ
ಮಳೆ ಬಂದರೆ ಸಾಕು, ನಿಮ್ಮ ಗ್ರೂಪಿನವರಿಗೆ ಸೈಕ್ಲೋನ್. ಸ್ವಾಮಿ, ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಚಂಡಮಾರುತ, ಆಗಲೇ ಅದಕ್ಕೆ ಹೆಸರು. 31 ದಾಟಿದರೆ ವಾಯುಭಾರ ಕುಸಿತ. ಅದಕ್ಕೂ ಕಡಿಮೆ ಇದ್ದರೆ ಬರೀ ಕಡಿಮೆ ಒತ್ತಡ. ಜುಲೈ, ಆಗಸ್ಟಿನಲ್ಲಿ ಚಂಡಮಾರುತ ಏಳುವುದೇ ಅಪರೂಪ.

ಆರೆಂಜ್ ಅಲರ್ಟ್
ಯಾಕೆ? ಸಮುದ್ರ ಬಿಸಿಯಾಗೇ ಇರುತ್ತದಲ್ಲ.

ಐಸೋಬಾರ್
ಬಿಸಿ ಸಾಕು, ಆದರೆ ನಿಲ್ಲಲು ಜಾಗ ಬೇಕು. ಮುಂಗಾರಿನಲ್ಲಿ ಕೆಳಗೆ ಗಾಳಿ ಪಶ್ಚಿಮದಿಂದ ಬೀಸುತ್ತದೆ. 12-15 ಕಿ.ಮೀ. ಮೇಲೆ ಪೂರ್ವದಿಂದ, ಅದೂ ಬಿರುಸಾಗಿ. ಚಂಡಮಾರುತಕ್ಕೆ ಮೋಡದ ಗೋಪುರ ನೇರ ನಿಲ್ಲಬೇಕು. ಬುಡ ಒಂದು ಕಡೆ, ತಲೆ ಇನ್ನೊಂದು ಕಡೆ ಎಳೆದರೆ ಕಟ್ಟುವುದು ಹೇಗೆ? ಅದಕ್ಕೇ ಅವು ಮುಂಗಾರಿಗೆ ಮೊದಲು ಏಪ್ರಿಲ್-ಜೂನ್ ಮೊದಲ ಭಾಗ, ಮುಗಿದ ಮೇಲೆ ಅಕ್ಟೋಬರ್-ಡಿಸೆಂಬರ್. ನಡುವೆ ಬಂಗಾಳ ಕೊಲ್ಲಿಯಲ್ಲಿ ಏಳುವುದು ಸಣ್ಣ ಪುಟ್ಟ ಕುಸಿತಗಳು. ಅವು ಒಡಿಶಾ ಕಡೆ ನೆಲ ಹತ್ತಿ ವಾಯವ್ಯಕ್ಕೆ ಹೋಗುತ್ತವೆ. ಹೋಗುವಾಗ ನಮ್ಮ ಕರಾವಳಿಯ ಪಶ್ಚಿಮ ಗಾಳಿಯನ್ನು ಎಳೆದು ಬಲ ಕೊಡುತ್ತವೆ. ಒಡಿಶಾದಲ್ಲಿ ಕುಸಿತ, ಆಗುಂಬೆಯಲ್ಲಿ ಮಳೆ ಅನ್ನೋದು ಹೀಗೆ.

ಕಡಲಕರೆ
ಇವರು ಹೇಳಿದ್ದು ಪೂರ್ತಿ ಸರಿ. ನಮ್ಮ ಮನೆ ಮಲ್ಪೆ ಹತ್ತಿರ, ಅಪ್ಪ ಬೋಟಿಗೆ ಹೋಗುತ್ತಿದ್ದವರು. ಹೇಗೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟಿಗೆ ರಜೆ. ನಮಗೆ ಭಯ ಮೇ ತಿಂಗಳದ್ದು. 2021ರ ಮೇನಲ್ಲಿ ತೌತೆ ಬಂತಲ್ಲ, ಅದು ನಮ್ಮ ತೀರ ಮುಟ್ಟಲೇ ಇಲ್ಲ, ದೂರದಲ್ಲೇ ಉತ್ತರಕ್ಕೆ ಹೋಗಿ ಗುಜರಾತಿಗೆ ಹೊಡೆಯಿತು. ಆದರೆ ಅಲೆ ಮಾತ್ರ ನಮ್ಮ ಕಲ್ಲಿನ ತಡೆಗೋಡೆ ಹತ್ತಿ ತೆಂಗಿನ ಬುಡದ ಮಣ್ಣು ತೊಳೆದು ಹೋಯಿತು. ಬೇರು ಎಲ್ಲ ಹೊರಗೆ, ಕೂದಲು ಬಿಚ್ಚಿದ ಹಾಗೆ. ಎರಡು ಮರ ಆವತ್ತೇ ಬಿದ್ದವು. ಮೂರನೆಯದು ವಾಲಿಕೊಂಡೇ ಮತ್ತೊಂದು ವರ್ಷ ಕಾಯಿ ಕೊಟ್ಟಿತು.

ಅಜ್ಜಿಮೊಮ್ಮಗಳು
ತೌತೆ ಅಂದರೆ ಹಲ್ಲಿ ಅಲ್ವಾ? ಮ್ಯಾನ್ಮಾರ್‌ನವರು ಕೊಟ್ಟ ಹೆಸರು.

ಪಂಚಾಂಗಪ್ರಿಯ
ಹೌದು. ಹಲ್ಲಿ ಬಿದ್ದ ಫಲ ಗುಜರಾತಿಗೆ.

ಅಜ್ಜಿಮೊಮ್ಮಗಳು
😂 ತಲೆ ಮೇಲೆ ಬಿತ್ತೋ ಬಲಗೈ ಮೇಲೆ ಬಿತ್ತೋ ನೋಡಿ ಹೇಳಿ.

ಬೆಳವಲದಗಾಳಿ
ಹಲ್ಲಿ ಬಿಟ್ಟು ಇತ್ತ ಬರ್ರಿ. ಗದಗ ಕಡೆ ನಮಗೆ ಮುಂಗಾರಿಗಿಂತ ಹಿಂಗಾರಿ ಮುಖ್ಯ. ಕರಿ ಮಣ್ಣು, ಸೆಪ್ಟೆಂಬರ್ ಹಸಿ ಹಿಡಿದುಕೊಂಡರೆ ಬಿಳಿಜೋಳ, ಕಡಲೆ ಅದರ ಮೇಲೇ ಬೆಳೆಯುತ್ತವೆ. ಆ ಹಸಿಯನ್ನು ತರುವುದು ಬಂಗಾಳ ಕೊಲ್ಲಿಯ ಕುಸಿತಗಳೇ. ಅವು ಬರದಿದ್ದರೂ ಸತ್ತೆವು, ಜಾಸ್ತಿ ಬಂದರೂ ಸತ್ತೆವು.

2009 ಹೇಳುತ್ತೇನೆ. ದೇಶಕ್ಕೇ ಬರದ ವರ್ಷ, ಮುಂಗಾರು ಶೇ 22 ಕಡಿಮೆ. ಮನೆಯಲ್ಲಿ ಹೊಟ್ಟು, ಮೇವು ಎಲ್ಲ ಲೆಕ್ಕ ಹಾಕಿ ದನಕ್ಕೆ ಹಾಕುತ್ತಿದ್ದೆವು. ಸೆಪ್ಟೆಂಬರ್ ಕೊನೆಗೆ ಶುರುವಾಯಿತು ನೋಡಿ. ಮೂರ್ನಾಲ್ಕು ದಿನ ಬಿಡಲೇ ಇಲ್ಲ. ಮಣ್ಣಿನ ಮಾಳಿಗೆ ಮನೆ ನಮ್ಮದು. ಮೊದಲ ದಿನ ಹನಿ, ಎರಡನೇ ದಿನ ಧಾರೆ. ಮೂರನೇ ದಿನ ಹಿಂದಿನ ಗೋಡೆ ಸದ್ದಿಲ್ಲದೆ ಕೂತುಬಿಟ್ಟಿತು, ಮುದುಕ ಕುಂತ ಹಾಗೆ. ಬರಕ್ಕೆ ಅಂತ ಉಳಿಸಿದ ಮೇವು ನೀರಿನಲ್ಲಿ ಕೊಳೆಯಿತು. ಆ ಸಲವೇ ತುಂಗಭದ್ರೆ ಮಂತ್ರಾಲಯದ ಮಠಕ್ಕೂ ನುಗ್ಗಿದ್ದು. ಒಂದೇ ವರ್ಷ ಬರವೂ ಹೌದು, ನೆರೆಯೂ ಹೌದು. ಆ ವರ್ಷದ ಸರಾಸರಿ ತೆಗೆದುಕೊಂಡು ನಾನು ಏನು ಮಾಡಲಿ?

ಘಟ್ಟದಕಂಬಳಿ
ಇದಕ್ಕೆ ಮಾತಿಲ್ಲ. ಬಡಾಯಿ ವಾಪಸ್ ತೆಗೆದುಕೊಂಡೆ.

ಸಿಲ್ಕ್‌ಬೋರ್ಡ್ ಸಂತ್ರಸ್ತ
ಬೆಂಗಳೂರಿನವನು ಬಾಯಿ ಹಾಕಬಹುದಾ? 2024ರ ಜೂನ್ 2ರಂದು ಇಲ್ಲಿ 111 ಮಿ.ಮೀ. ಬಿತ್ತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರ ದಾಖಲೆ ಮುರಿಯಿತು. ಹವಾಮಾನ ಕೆಟ್ಟಿದೆ ಅನ್ನೋದಕ್ಕೆ ಇನ್ನೇನು ಬೇಕು?

ತಾರಸಿಮಲ್ಲ
1891ರಲ್ಲೂ 101.6 ಬಿದ್ದಿತ್ತಲ್ಲ ಸಾರ್. ಆಗ ಯಾರು ಕಾರು ಓಡಿಸುತ್ತಿದ್ದರು? ನಿಮ್ಮಲ್ಲಿ ಮುಳುಗೋದು ಮಳೆಯಿಂದಲ್ಲ, ರಾಜಕಾಲುವೆ ಮೇಲೆ ಕಟ್ಟಿದ ಮನೆಗಳಿಂದ.

ಐಸೋಬಾರ್
ಇಬ್ಬರದ್ದೂ ಅರ್ಧರ್ಧ ಸರಿ. ಒಂದು ಊರಿನ ಒಂದು ದಿನ ಹಿಡಿದು ಏನೂ ಸಾಬೀತು ಮಾಡಲು ಆಗದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ತೇವ ಹಿಡಿಯುತ್ತದೆ, ಅದು ಭೌತಶಾಸ್ತ್ರ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು 2017ರಲ್ಲಿ ತೋರಿಸಿದ್ದು ಇದು: 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕವಾದ ವಿಪರೀತ ಮಳೆಯ ಘಟನೆಗಳು ಮೂರು ಪಟ್ಟಾಗಿವೆ. ವಿಚಿತ್ರ ಅಂದರೆ ಅದೇ ಕಾಲದಲ್ಲಿ ಅಲ್ಲಿನ ಒಟ್ಟು ಮುಂಗಾರು ಕಡಿಮೆಯಾಗುತ್ತಾ ಬಂದಿದೆ.

ಕೆಂಪುಮಣ್ಣು
ನನ್ನ ಕ್ಯಾಲೆಂಡರಿನ ಪುಟವೂ ಇದನ್ನೇ ಹೇಳುತ್ತಿದೆಯಲ್ಲ. ದಿನ ಕಡಿಮೆ, ಹೊಡೆತ ಜಾಸ್ತಿ.

ಐಸೋಬಾರ್
ನಾಲ್ಕು ವರ್ಷದ ಪುಟದಿಂದ ಹಾಗೆ ಹೇಳಬೇಡಿ. ಮೂವತ್ತು ವರ್ಷ ಬರೆಯಿರಿ, ಆಮೇಲೆ ಕೂತು ಮಾತಾಡೋಣ.

ಶುಂಠಿಕಾಫಿ
ಎಲ್ಲ ಬಿಡಿ. ಫೋನಿನಲ್ಲಿ 60% ಮಳೆ ಅಂತ ತೋರಿಸುತ್ತದಲ್ಲ, ಅದರ ಅರ್ಥ ಯಾರಾದರೂ ಹೇಳಿ. ಹೋದ ತಿಂಗಳು ಅದನ್ನು ನೋಡಿ ಒಣಗಲು ಹಾಕಿದ್ದ ಮೆಣಸು ಒಳಗೆ ಎತ್ತಿಟ್ಟೆ. ಹನಿ ಬೀಳಲಿಲ್ಲ. ಮರುದಿನ 20% ಅಂತ ಇತ್ತು, ಹೊರಗೆ ಹಾಕಿದೆ, ಎಲ್ಲ ತೊಪ್ಪೆ.

ಮಿಂಚುಹುಳು
60% ಅಂದರೆ ಇಂಥದ್ದೇ ಹತ್ತು ದಿನ ಬಂದರೆ ಆರು ದಿನ ಮಳೆ ಆಗಬಹುದು. ನಿಮಗೆ ಉಳಿದ ನಾಲ್ಕರಲ್ಲೊಂದು ಸಿಕ್ಕಿತು. ಅದು ಎಷ್ಟು ಮಳೆ ಅಂತಾಗಲಿ, ಎಷ್ಟು ಹೊತ್ತು ಅಂತಾಗಲಿ ಹೇಳುವುದಿಲ್ಲ.

ಅದಕ್ಕಿಂತ ಇಲಾಖೆಯ ಮಾತು ಸರಿಯಾಗಿ ಓದಿ. 'ಅಲ್ಲಲ್ಲಿ', 'ಕೆಲವೆಡೆ', 'ಹಲವೆಡೆ', 'ಬಹುತೇಕ ಕಡೆ' ಅಂತಾರಲ್ಲ, ನಾವು ಅದನ್ನು ಸುಮ್ನೆ ಪದ ಅಂದುಕೊಂಡಿದ್ದೇವೆ. ಅವು ನಾಲ್ಕು ಮೆಟ್ಟಿಲು. 'ಅಲ್ಲಲ್ಲಿ' ಅಂದರೆ ಆ ಪ್ರದೇಶದ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಕೇಂದ್ರಗಳಲ್ಲಿ ಮಳೆ ಇರುವುದಿಲ್ಲ. 'ಬಹುತೇಕ ಕಡೆ' ಅಂದರೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ. 'ಭಾರೀ' ಅನ್ನೋದಕ್ಕೂ ಅಳತೆ ಇದೆ, ದಿನಕ್ಕೆ 64.5 ಮಿ.ಮೀ. ಮುಟ್ಟಬೇಕು. 204.5 ಮುಟ್ಟಿದರೆ ಅದು ಅತ್ಯಂತ ಭಾರೀ.

ಶುಂಠಿಕಾಫಿ
ಇಷ್ಟು ವರ್ಷ ರೇಡಿಯೋದಲ್ಲಿ ಕೇಳಿದರೂ ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್. ಮೆಣಸು ಮಾತ್ರ ವಾಪಸ್ ಬರಲ್ಲ.

ಘಟ್ಟದಕಂಬಳಿ
ಒಂದು ಹೊಟ್ಟೆ ಉರಿ ಹೇಳಿಬಿಡುತ್ತೇನೆ. ಅಡಿಕೆಗೆ ಮಳೆ ಲೆಕ್ಕದ ಮೇಲೆ ವಿಮೆ ಕಟ್ಟಿದ್ದೆ. ಪರಿಹಾರಕ್ಕೆ ನನ್ನ ತೋಟದ ಮಳೆ ಲೆಕ್ಕಕ್ಕಿಲ್ಲ, ಗೊತ್ತುಮಾಡಿದ ಮಾಪಕದ್ದು. ಅದು ಗುಡ್ಡದ ಆಚೆ ಬದಿ. ತೋಟದಲ್ಲಿ ಕೊಳೆ ರಾಶಿ ಬಿದ್ದ ವರ್ಷ ಆ ಮಾಪಕದಲ್ಲಿ ಎರಡು ವಾರ ಹೆಚ್ಚುಕಡಿಮೆ ಸೊನ್ನೆ. ಹೋಗಿ ನೋಡಿದರೆ ಪಕ್ಕದ ಹಲಸಿನ ಕೊಂಬೆ ಅದರ ಮೇಲೇ ಕೊಡೆ ಹಿಡಿದಿತ್ತು. ಫೋಟೊ ಕಳಿಸಿದೆ. ಕೊಂಬೆ ಕಡಿದರು, ದುಡ್ಡು ಬರಲಿಲ್ಲ.

ತಾರಸಿಮಲ್ಲ
ಕೊಂಬೆಗೆ ಪರಿಹಾರ ಕೇಳಬೇಕಿತ್ತು.

ಕೆರೆಏರಿ
ಎಲ್ಲರೂ ಆಕಾಶ ನೋಡುತ್ತಿದ್ದೀರಿ, ಸ್ವಲ್ಪ ನೆಲ ನೋಡಿ. ಒಂದು ಮಿ.ಮೀ. ಮಳೆ ಅಂದರೆ ಚದರ ಮೀಟರಿಗೆ ಒಂದು ಲೀಟರ್. ಎಕರೆಗೆ ಸುಮಾರು 4,047 ಚದರ ಮೀಟರ್. 84ರಿಂದ ಗುಣಿಸಿ. ಆ ಒಂದು ರಾತ್ರಿ ಕೆಂಪುಮಣ್ಣು ಅವರ ಎರಡು ಎಕರೆ ಮೇಲೆ ಬಿದ್ದದ್ದು 6.8 ಲಕ್ಷ ಲೀಟರ್. ಹತ್ತೊಂಬತ್ತು ದಿನ ಕಾದು ಹೆಪ್ಪುಗಟ್ಟಿದ ಕೆಂಪು ನೆಲ ಅಷ್ಟು ಬೇಗ ಕುಡಿಯುವುದಿಲ್ಲ. ಬದು ಇದೆಯಾ ನಿಮ್ಮ ಹೊಲದಲ್ಲಿ?

ಕೆಂಪುಮಣ್ಣು
ಇತ್ತು. ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಅಂತ ನಾನೇ ಹೋದ ವರ್ಷ ಎರಡು ಕಡೆ ಒಡೆದೆ.

ಕೆರೆಏರಿ
ಇನ್ನೇನು ಕೇಳುತ್ತೀರಿ ಮತ್ತೆ. ಆ ಎರಡು ಬಾಯಿಯಿಂದಲೇ ನೀರು ಹೋಗಿದೆ. ಬದು ಕಟ್ಟಿಸಿ, ತಗ್ಗಿನ ಮೂಲೆಯಲ್ಲಿ ಒಂದು ಹೊಂಡ ತೆಗೆಸಿ. ಬಿದ್ದ ನೀರಿನಲ್ಲಿ ಐದನೇ ಒಂದು ಪಾಲು ಅಲ್ಲಿ ನಿಂತರೂ ತೆನೆ ಹೊತ್ತಿಗೆ ಒಂದು ನೀರು ಕೊಡಬಹುದು.

ಪಂಚಾಂಗಪ್ರಿಯ
ಮುಂದೆ ಉತ್ತರೆ, ಹಸ್ತ ಇವೆ. ರಾಗಿ ಅಷ್ಟು ಬೇಗ ಸಾಯುವ ಜಾತಿಯಲ್ಲ, ಧೈರ್ಯವಾಗಿರಿ.

ಐಸೋಬಾರ್
ಅದು ನಿಜ. ನಿಮ್ಮ ಕಡೆಗೆ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ತಿಂಗಳುಗಳು. ಕಳೆ ತೆಗೆದು ಮೇಲ್ಮಣ್ಣು ಸಡಿಲ ಮಾಡಿಟ್ಟುಕೊಳ್ಳಿ.

ಕೆಂಪುಮಣ್ಣು
ಎರಡು ವಾರ ಆದ ಮೇಲೆ ಬರುತ್ತಿದ್ದೇನೆ. ಒಂದು ಬದು ಮುಚ್ಚಿದ್ದೇನೆ, ಇನ್ನೊಂದಕ್ಕೆ ಆಳು ಸಿಕ್ಕಿಲ್ಲ. ಕುಂಟೆ ಹೊಡೆದ ಕಡೆ ಸುರುಳಿ ಬಿಚ್ಚಿದೆ, ಉಳಿದ ಕಡೆ ಇನ್ನೂ ಹಾಗೇ. ನಿನ್ನೆ ಸಂಜೆ ತಣ್ಣಗೆ ಜಿಟಿ ಜಿಟಿ ಹಿಡಿಯಿತು. ಬೆಳಿಗ್ಗೆ ಮಾಪಕದಲ್ಲಿ 2.4.

ಐಸೋಬಾರ್
ಇಲಾಖೆ ಲೆಕ್ಕದಲ್ಲಿ ಮಳೆ ದಿನ ಅನ್ನಿಸಿಕೊಳ್ಳಲು 2.5 ಬೇಕು.

ಕೆಂಪುಮಣ್ಣು
ಲಾಳಿಕೆಗೆ ಒಂದು ಹನಿ ಅಂಟಿಕೊಂಡಿತ್ತು. ಬೆರಳಲ್ಲಿ ತಟ್ಟಿದೆ, ಬಿತ್ತು. 2.5 ಅಂತ ಬರೆದಿದ್ದೇನೆ.